ಯಾರೂ ರೇಟು ಹಾಕದ ಗುರುವಾರ

ಹುಚ್ಚಪ್ಪ ಸರ್ ಬಗ್ಗೆ ಬರೆಯಬೇಕೆಂದು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ಇಷ್ಟೊಂದು ಉಪಕಾರ ಮಾಡಿದ ಮನುಷ್ಯ ಒಂದು ದಿನವಾದರೂ ಅದನ್ನು ಹೇಳಿಕೊಂಡಿದ್ದರೆ, ನಾನು ಅಲ್ಲೇ ನಿಂತು ಥ್ಯಾಂಕ್ಸ್ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಅವರು ಹೇಳಿಕೊಳ್ಳಲಿಲ್ಲ. ಅದಕ್ಕೇ ಈಗ ಇಷ್ಟುದ್ದ ಬರೆಯುವ ಪಾಳಿ ನನ್ನದಾಗಿದೆ.

ನಾನು ಸುಕನ್ಯಾ. ಹುಬ್ಬಳ್ಳಿಯ ತಾರಿಹಾಳದಲ್ಲಿ ನನ್ನದೊಂದು ಲೇಥ್ ವರ್ಕ್‌ಶಾಪ್, ಅಂದರೆ ಮಷೀನಿನಲ್ಲಿ ಕಬ್ಬಿಣ ಕಡೆಯುವ ಶೆಡ್, ಇದೆ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು, ಹಾಗಾಗಿ ಮಷೀನಿನ ಸದ್ದು ನನಗೆ ಹೊಸದಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ತೊಂಬತ್ತಾರರಲ್ಲಿ ಎರಡು ಹಳೆಯ ಲೇಥ್ ಹಾಕಿ ಶೆಡ್ ತೆರೆದೆ. ಹೆಣ್ಣುಮಗಳೊಬ್ಬಳು ಲೇಥ್ ಹಾಕಿದ್ದಾಳಂತೆ ಎಂದು ನೋಡಲು ಬಂದವರು ಬಹಳ, ಕೆಲಸ ಕೊಡಲು ಬಂದವರು ಕಡಿಮೆ. ಕೊಟ್ಟವರಲ್ಲಿ ಮೊದಲಿಗರು ಗೋಕುಲ ರಸ್ತೆಯ ಪಂಪಿನ ಕಾರ್ಖಾನೆಯವರು. ಅಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದವರೇ ಹುಚ್ಚಪ್ಪ ಸರ್.

ನವಲಗುಂದ ಕಡೆಯ ರೈತರ ಮನೆಯವರು. ಧಾರವಾಡದಲ್ಲಿ ಬಿ.ಕಾಂ. ಓದಿ, ಎಂಬತ್ತಾರರಲ್ಲಿ ಗುಮಾಸ್ತರಾಗಿ ಸೇರಿ, ನಿಧಾನವಾಗಿ ಮೇಲೆ ಬಂದವರು. ಬೈರಿದೇವರಕೊಪ್ಪದಲ್ಲಿ ಎರಡು ಕೋಣೆಯ ಮನೆ. ತೆಳ್ಳಗಿನ ಎತ್ತರದ ಆಳು. ಅಂಗಿಯ ಕಿಸೆಯಲ್ಲಿ ಎರಡು ಪೆನ್ನಿನ ಜೊತೆ ಒಂದು ಸಣ್ಣ ಸ್ಟೀಲ್ ಸ್ಕೇಲು ಯಾವಾಗಲೂ ಇಣುಕುತ್ತಿತ್ತು. ಬಿ.ಕಾಂ. ಓದಿದವರಿಗೆ ಸ್ಕೇಲು ಯಾಕೆ ಎಂದು ಕೇಳಿದರೆ, "ಏನ ಕೊಳ್ಳಾಕತ್ತೇನಿ ಅನ್ನೂದು ಕೊಳ್ಳಾವಗ ಗೊತ್ತಿರಬೇಕಲ್ರಿ" ಎನ್ನುತ್ತಿದ್ದರು. ಕಾರ್ಖಾನೆಯ ಮುಖ್ಯ ಕಚೇರಿ ಪುಣೆಯಲ್ಲಿತ್ತು. ಅಲ್ಲಿಯವರು ಹೆಸರಿನ ಅರ್ಥ ಕೇಳಿದಾಗಲೆಲ್ಲ "ನಮ್ಮ ಮನಿದೇವರ ಹೆಸರ್ರಿ" ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು.

ಆಗ ಖರೀದಿ ಎಂದರೆ ಕಾಗದದ ಮೆರವಣಿಗೆ. ಪಂಪಿಗೆ ಶಾಫ್ಟ್ ಬೇಕೆಂದರೆ, ಅಂದರೆ ಪಂಪಿನೊಳಗೆ ತಿರುಗುವ ಉಕ್ಕಿನ ದಂಡ ಬೇಕೆಂದರೆ, ಕಾರ್ಖಾನೆಯಿಂದ ನಮಗೆಲ್ಲ ಅಂಚೆಯಲ್ಲಿ ಪತ್ರ ಬರಬೇಕು. ನಾವು ಮುಚ್ಚಿದ ಲಕೋಟೆಯಲ್ಲಿ ರೇಟು ಕಳಿಸಬೇಕು. ಆಮೇಲೆ ಒಂದು ಗುರುವಾರ ಎಲ್ಲರನ್ನೂ ಕೂಡಿಸಿ ಮಾತುಕತೆ. ಆಮೇಲೆ ಆರತಿ ಎಂಬ ಟೈಪಿಸ್ಟ್ ಎಲ್ಲರ ರೇಟನ್ನೂ ಒಂದೇ ಉದ್ದದ ಹಾಳೆಯಲ್ಲಿ ಟೈಪ್ ಮಾಡಬೇಕು, ಅದು ಪುಣೆಗೆ ಹೋಗಿ ಮೂರು ಸಹಿ ಹೊತ್ತು ತಿರುಗಿ ಬರಬೇಕು. ಲಗೂ ಆದರೆ ನಲವತ್ತು ದಿನ. ಅಷ್ಟರಲ್ಲಿ ಉಕ್ಕಿನ ದರ ಎತ್ತ ಹೋಗುತ್ತದೋ ಯಾರಿಗೆ ಗೊತ್ತು? ಹಾಗಾಗಿ ನಾವೆಲ್ಲರೂ ನಮ್ಮ ಅಂಜಿಕೆಯನ್ನೂ ರೇಟಿನಲ್ಲಿ ಸೇರಿಸಿಯೇ ಬರೆಯುತ್ತಿದ್ದೆವು. ಅತ್ತ ಕಾರ್ಖಾನೆಯಲ್ಲಿ ಬೇಸಿಗೆಯ ಪಂಪಿಗೆ ಶಾಫ್ಟ್ ಬರುವ ಹೊತ್ತಿಗೆ ಮಳೆಗಾಲ ಬಂದಿರುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಈ ಅಂಚೆಯ ದಯೆಯಿಂದ ನಾನು ಮುಳುಗಬೇಕಿತ್ತು. ಶಾಫ್ಟಿನ ಅಳತೆ ಬದಲಾಗಿ ಹೊಸ ಡ್ರಾಯಿಂಗ್ ಹೊರಟಿತ್ತಂತೆ, ನನಗೆ ತಲುಪಲೇ ಇಲ್ಲ. ಹಳೆಯ ಅಳತೆಯಲ್ಲಿ ಇನ್ನೂರು ಶಾಫ್ಟ್ ಮಾಡಿ ಒಯ್ದೆ. ಗೇಟಿನಲ್ಲೇ ವಾಪಸು ಎಂದರು. ನನ್ನ ಬಾಯಿ ಮೊದಲೇ ದೊಡ್ಡದು. ಹುಚ್ಚಪ್ಪ ಸರ್ ಹೊರಗೆ ಬಂದಾಗ ವಾಚ್‌ಮನ್ ಎದುರಿಗೇ ಅವರ ಮೇಲೆ ಹರಿಹಾಯ್ದೆ. ಅವರು ಸ್ಕೇಲು ತೆಗೆದು ಒಂದು ಶಾಫ್ಟ್ ಅಳೆದು, "ನಿಮ್ಮ ಕೆಲಸ ಛಲೋ ಐತ್ರಿ ಅಕ್ಕಾರ, ನಮ್ಮ ಕಾಗದಾನ ಹೊಲಸ ಐತಿ" ಎಂದರು. ತಪ್ಪು ಖರೀದಿ ವಿಭಾಗದ್ದು ಎಂದು ತಾವೇ ಬರೆದುಕೊಟ್ಟರು. ಆ ಇನ್ನೂರನ್ನೂ ಇನ್ನೊಂದು ಸಣ್ಣ ಪಂಪಿಗೆ ಹೊಂದಿಸಿದರು. ಅದಕ್ಕಾಗಿ ಅವರಿಗೆ ಮೆಮೊ ಸಿಕ್ಕಿತೆಂದು ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಅದೂ ಆರತಿಯ ಬಾಯಿಂದ.

ಇನ್ನು ಆ ಗುರುವಾರಗಳ ಮಾತು. ನಾವು ಒಂಬತ್ತು ಜನ ಸರಬರಾಜುದಾರರು. ಹಿರಿಯರೆಂದರೆ ಬಸಣ್ಣ ಕಾಕಾ. ಉಳಿದ ಎಂಟರಲ್ಲಿ ಏಳು ಜನ ಅವರ ಶೆಡ್ಡಿನಲ್ಲೇ ಲೇಥ್ ಕಲಿತು, ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬೇರೆ ಶೆಡ್ ಹಾಕಿದವರು. ಎಂಟನೆಯವಳು ನಾನು. ಚಹಾ ಬಂದ ಮೇಲೆ ಹುಚ್ಚಪ್ಪ ಸರ್ "ಕಾಕಾ, ನೀವು ಸುರು ಮಾಡ್ರಿ" ಎನ್ನಬೇಕು, ಕಾಕಾ ತಮ್ಮ ಕೊನೆಯ ರೇಟು ಹೇಳಬೇಕು, ಆಮೇಲೆ ವಯಸ್ಸಿನ ಪ್ರಕಾರ ಉಳಿದವರು. ಕಾಕಾಗಿಂತ ಬಹಳ ಕಡಿಮೆ ಹೇಳಿದರೆ ಉದ್ಧಟತನ, ಹೆಚ್ಚು ಹೇಳಿದರೆ ಕೆಲಸವಿಲ್ಲ. ಹಾಗಾಗಿ ಎಲ್ಲರ ರೇಟೂ ಕಾಕಾನ ರೇಟಿನ ಸುತ್ತಮುತ್ತಲೇ ಗಿರಕಿ ಹೊಡೆಯುತ್ತಿತ್ತು. ಬಾಗಿಲ ಹತ್ತಿರದ ಕುರ್ಚಿ ನನ್ನದು. ನನ್ನ ಪಾಳಿ ಬರುವ ಹೊತ್ತಿಗೆ ಚಹಾದ ಕಪ್ಪು ಎತ್ತಿಕೊಂಡು ಹೋಗಿರುತ್ತಿದ್ದರು. ಎಲ್ಲರೂ ಬೇಡವೆಂದ ಚಿಲ್ಲರೆ ಕೆಲಸ ನನಗೆ ಉಳಿಯುತ್ತಿತ್ತು. ಮನೆಗೆ ಬಂದು ಇದನ್ನು ಬೈದುಕೊಳ್ಳದ ಗುರುವಾರವಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಪುಣೆಯಿಂದ ಹೊಸ ಪದ್ಧತಿ ಬಂತು. ಇನ್ನು ಲಕೋಟೆ ಇಲ್ಲ, ಕೂಟ ಇಲ್ಲ, ಖರೀದಿಯೆಲ್ಲ ಇಂಟರ್ನೆಟ್ಟಿನಲ್ಲಿ. ಡ್ರಾಯಿಂಗ್ ಕಂಪ್ಯೂಟರಿನಲ್ಲೇ ಬರುತ್ತದೆ, ಬದಲಾದರೆ ಆ ಕ್ಷಣವೇ ಎಲ್ಲರಿಗೂ ಕಾಣುತ್ತದೆ. ಗೊತ್ತು ಮಾಡಿದ ದಿನ ಅರ್ಧ ಗಂಟೆ ಹರಾಜು. ಹರಾಜು ಎಂದರೆ ನಾವು ಕಂಡದ್ದು ಎಪಿಎಂಸಿಯಲ್ಲಿ ಮೆಣಸಿನಕಾಯಿ ರೇಟು ಏರುವುದನ್ನು. ಇದು ತಿರುವುಮುರುವು, ಇಲ್ಲಿ ರೇಟು ಇಳಿಯುತ್ತದೆ. ಪರದೆಯ ಮೇಲೆ ಎಲ್ಲಕ್ಕಿಂತ ಕಡಿಮೆ ರೇಟು ಎಷ್ಟೆಂದು ಕಾಣುತ್ತದೆ, ಯಾರದೆಂದು ಕಾಣುವುದಿಲ್ಲ.

ಹುಚ್ಚಪ್ಪ ಸರ್ ಎರಡು ಶನಿವಾರ ನಮ್ಮನ್ನು ಕೂಡಿಸಿ ಕಲಿಸಿದರು. ಮೌಸ್ ಹಿಡಿಯಲು ಬಾರದ ಬಸಣ್ಣ ಕಾಕಾಗೆ ಕೈ ಮೇಲೆ ಕೈ ಇಟ್ಟು ತೋರಿಸಿದರು. ಕಾಕಾ ಮರುವಾರವೇ ಕಂಪ್ಯೂಟರ್ ತರಿಸಿ, ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು ಶೆಡ್ಡಿನಲ್ಲಿ ಕೂಡಿಸಿದರು. ನಾನು ವಿದ್ಯಾನಗರದ ಸೈಬರ್ ಕೆಫೆಯಲ್ಲಿ ಒಂದು ಗೂಡು ಹಿಡಿದೆ.

ಗುರುವಾರ ಹನ್ನೊಂದಕ್ಕೆ ಮೊದಲ ಹರಾಜು. ಇಡೀ ವರ್ಷದ ಶಾಫ್ಟಿನ ಕೆಲಸ, ಮೂರು ಲಾಟ್, ಅಂದರೆ ಮೂರು ಪಾಲು. ಒಂಬತ್ತೂ ಜನ ಒಳಗೆ ಬಂದಿದ್ದೇವೆಂದು ಪರದೆ ತೋರಿಸುತ್ತಿತ್ತು. ಗಡಿಯಾರ ಇಳಿಯತೊಡಗಿತು. ಐದು ನಿಮಿಷ ಹೋಯಿತು, ಹತ್ತು ಹೋಯಿತು, ರೇಟಿನ ಮನೆ ಖಾಲಿ. ಕರೆಂಟಿತ್ತು, ನೆಟ್ ಇತ್ತು, ನನ್ನ ರೇಟು ಕಾಗದದಲ್ಲಿ ಬರೆದು ಎದುರಿಗೇ ಇತ್ತು. ನಾನೂ ಸುಮ್ಮನೆ ಕುಳಿತಿದ್ದೆ. ಅರ್ಧ ಗಂಟೆ ಮುಗಿದು ಪರದೆ ಮುಚ್ಚಿಕೊಂಡಿತು. ಒಂಬತ್ತು ಜನರಲ್ಲಿ ಒಬ್ಬರೂ ಒಂದು ಅಂಕಿಯನ್ನೂ ಒತ್ತಿರಲಿಲ್ಲ.

ಆ ಮಧ್ಯಾಹ್ನ ಪುಣೆಯ ಫೋನಿನಲ್ಲಿ ಏನೇನಾಯಿತು ಎಂಬುದು ನನಗೆ ಆಗ ಗೊತ್ತಾಗಲಿಲ್ಲ. ಆರತಿ ಅದೇ ಕೋಣೆಯಲ್ಲಿದ್ದಳು, ಆಮೇಲೆ ಎಂದೋ ಹೇಳಿದಳು. ಹುಬ್ಬಳ್ಳಿಯವರೆಲ್ಲ ಕೂಡಿಕೊಂಡು ಹೊಸ ಪದ್ಧತಿಯನ್ನು ಬಹಿಷ್ಕರಿಸಿದ್ದಾರೆ, ಹುಚ್ಚಪ್ಪನಿಗೂ ಇದರಲ್ಲಿ ಪಾಲಿದೆ, ಇಲ್ಲದಿದ್ದರೆ ಒಂಬತ್ತು ಜನ ಒಂದೇ ಸಲ ಬಾಯಿ ಮುಚ್ಚಿ ಕೂರುವುದು ಹೇಗೆ, ಎಂದು ದೊಡ್ಡ ಸಾಹೇಬರು ಕೂಗಾಡಿದರಂತೆ. ಹುಚ್ಚಪ್ಪ ಸರ್ ಬೇಡಿಕೊಂಡ ಮೇಲೆ ಇನ್ನೊಂದೇ ಅವಕಾಶ ಸಿಕ್ಕಿತು. ಬರುವ ಮಂಗಳವಾರ ಮತ್ತೆ ಹರಾಜು. ಅದೂ ಖಾಲಿ ಹೋದರೆ ಶಾಫ್ಟಿನ ಕೆಲಸವೆಲ್ಲ ಕೊಯಮತ್ತೂರಿಗೆ, ಹುಚ್ಚಪ್ಪನ ಮೇಲೆ ವಿಚಾರಣೆ. ಹದಿನೆಂಟು ವರ್ಷದಲ್ಲಿ ಯಾರ ಮನೆಯ ದೀಪಾವಳಿ ಸಿಹಿಯನ್ನೂ ಒಳಗೆ ಬಿಟ್ಟುಕೊಳ್ಳದ ಮನುಷ್ಯನಿಗೆ ಈ ಮಾತು.

ಅಂದು ಸಂಜೆ ನಾನು ಬಸಣ್ಣ ಕಾಕಾನ ಶೆಡ್ಡಿಗೆ ಹೋಗಿದ್ದೆ. ಯಾಕೆ ಯಾರೂ ರೇಟು ಹಾಕಲಿಲ್ಲ ಎಂಬ ಕುತೂಹಲ ನನಗೆ, ನಾನೇ ಹಾಕಿರಲಿಲ್ಲ ಎಂಬುದು ಬೇರೆ ಮಾತು. ಹಿಂದೆಯೇ ಹುಚ್ಚಪ್ಪ ಸರ್ ಸ್ಕೂಟರ್ ಬಂತು. ಮುಖ ಬಾಡಿತ್ತು. ನೀರು ಕುಡಿದು ನೇರವಾಗಿ ಕೇಳಿದರು.

"ಕಾಕಾ, ನೀವು ಯಾಕ ರೇಟು ಹಾಕಲಿಲ್ರಿ?"

"ನೀ ಎಲ್ಲಿ ಕರದಿ ನನ್ನ?" ಎಂದರು ಕಾಕಾ. ದನಿಯಲ್ಲಿ ನೋವಿತ್ತು. "ಇಷ್ಟ ವರ್ಷ ಆತು, ನೀ ‘ಸುರು ಮಾಡ್ರಿ’ ಅಂದ ಮ್ಯಾಲೆ ನಾ ಬಾಯಿ ತಗದೇನಿ. ಕರೀದ ಮುಂಚೇನ ಮಾತಾಡೂ ಮನಶ್ಯಾ ಅಲ್ಲ ನಾ. ಪರದೆ ಸುಮ್ಮನ ಕುಂತಿತ್ತು, ನಾನೂ ಸುಮ್ಮನ ಕುಂತೆ."

ಹುಚ್ಚಪ್ಪ ಸರ್‌ಗೆ ನಗು ಬಂತು. ಅರ್ಧಕ್ಕೇ ನಿಂತಿತು.

"ಉಳದವ್ರು?"

"ಅವರು ನನಗ ಕಾಯ್ದಿರಬೇಕು. ನನ್ನ ಕೈಯಾಗ ಕಲ್ತವ್ರಲ್ಲ."

ಸರ್ ನನ್ನ ಕಡೆ ತಿರುಗಿದರು. "ನೀವ್ಯಾಕ ಹಾಕಲಿಲ್ರಿ ಅಕ್ಕಾರ? ನೀವೇನ ಕಾಕಾನ ಕೈಯಾಗ ಕಲ್ತವ್ರಲ್ಲ."

ಬಾಗಿಲ ಹತ್ತಿರದ ಕುರ್ಚಿಯನ್ನು ಎಂಟು ವರ್ಷ ಬೈದವಳು ನಾನು. ಯಾರೂ ನನ್ನ ಮುಖ ನೋಡದ ಕಡೆ, ಕುರ್ಚಿಯೇ ಇಲ್ಲದ ಕಡೆ ಕೂಡ, ಹೋಗಿ ಅದೇ ಕುರ್ಚಿಯಲ್ಲಿ ಕುಳಿತಿದ್ದೆ. "ಕಾಕಾ ಮೊದಲ ಹಾಕಲಿ ಅಂತ…" ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾದವು.

"ಹಂಗಾರ ತಪ್ಪು ನಂದ ಆತಲ್ರಿ" ಎಂದರು ಹುಚ್ಚಪ್ಪ ಸರ್. "ಎರಡ ಶನಿವಾರ ಮೌಸ್ ಹಿಡಿಯೂದು ಕಲಿಸಿದೆ. ಕರೀದನ ಮಾತಾಡ್ರಿ ಅಂತ ಹೇಳೂದನ್ನ ಮರತೆ."

ಕಾಕಾ ವಿಭೂತಿ ಹಚ್ಚಿದ ಕಂಪ್ಯೂಟರಿನ ಕಡೆ ತಿರುಗಿದರು. ಆಮೇಲೆ ಕೇಳಿದರು, "ಅಂದ್ರ ನಾ ಹಿರಿಯಾ ಅನ್ನೂದು ಅದಕ್ಕ ಗೊತ್ತಾಗೂದ ಇಲ್ಲೇನು?"

"ಇಲ್ರಿ ಕಾಕಾ. ಅದಕ್ಕ ಯಾರೂ ಗೊತ್ತಾಗೂದಿಲ್ಲ. ರೇಟು ಒಂದ ಗೊತ್ತಾಗತೈತಿ."

ಮಂಗಳವಾರ ಖಾಲಿ ಹೋದರೆ ಕೆಲಸ ಕೊಯಮತ್ತೂರಿಗೆ ಹೋಗುತ್ತದೆ ಎಂದು ನಮಗೆ ಹೇಳಿದರು. ತಮ್ಮ ಮೇಲಿನ ವಿಚಾರಣೆಯ ಮಾತನ್ನು ತುಟಿಯ ಮೇಲೂ ತರಲಿಲ್ಲ.

ಮರುದಿನ ಬಸಣ್ಣ ಕಾಕಾ ಎಲ್ಲರನ್ನೂ ತಮ್ಮ ಶೆಡ್ಡಿಗೆ ಕರೆಸಿದರು. ಎಂಟೂ ಜನ ನಿಂತೇ ಇದ್ದೆವು. "ಮಂಗಳವಾರ ಯಾರೂ ನನಗ ಕಾಯಬ್ಯಾಡ್ರಿ. ನನಗಿಂತ ಕಡಿಮಿ ಹಾಕಿದ್ರ ನನಗೇನ ಅಪಮಾನ ಇಲ್ಲ. ಕಾಯ್ದು ಕೆಲಸ ಕಳಕೊಂಡವನ್ನ ನಾ ನನ್ನ ಹಂತ್ಯಾಕ ಕಲ್ತವ ಅಂತ ಹೇಳೂದಿಲ್ಲ" ಎಂದರು. ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಕಂಡ ನಾನು ಅಂದಿನಿಂದ ಅವರ ಬಗ್ಗೆ ಕೊಂಕು ಮಾತಾಡಿಲ್ಲ. ಅದಕ್ಕೆ ಮೊದಲು ಆಡಿದ್ದು ಸಾಕಷ್ಟಿದೆ.

ಸೋಮವಾರ ಹುಚ್ಚಪ್ಪ ಸರ್ ನನ್ನ ಶೆಡ್ಡಿಗೆ ಬಂದರು. ಎಲ್ಲರ ಶೆಡ್ಡಿಗೂ ಹೋಗಿದ್ದರಂತೆ, ಎಲ್ಲರಿಗೂ ಇದೇ ಮಾತು. "ಉಕ್ಕು, ಕರೆಂಟು, ಕೂಲಿ, ನಿಮ್ಮ ಹೊಟ್ಟಿಗೆ ಬೇಕಾದ್ದು, ಎಲ್ಲಾ ಕೂಡಿಸಿ ಒಂದ ರೇಟು ಬರೀರಿ. ಅದರ ಕೆಳಗ ಇಳಿಯಬ್ಯಾಡ್ರಿ. ಹುರುಪಿನ್ಯಾಗ ಇಳಿಯಬ್ಯಾಡ್ರಿ, ಸಿಟ್ಟಿನ್ಯಾಗ ಇಳಿಯಬ್ಯಾಡ್ರಿ, ನಾ ಬಂದು ಕೈ ಮುಗದ್ರೂ ಇಳಿಯಬ್ಯಾಡ್ರಿ." ಈಗ ಆರ್ಡರು ಎಂಟು ದಿನದಲ್ಲಿ ಕೈಗೆ ಬರುವುದರಿಂದ ಉಕ್ಕಿನ ದರದ ಅಂಜಿಕೆಯನ್ನು ರೇಟಿನಿಂದ ತೆಗೆಯಬಹುದೆಂದು ಕೂತು ಲೆಕ್ಕ ಮಾಡಿಸಿದರು. ನನ್ನ ರೇಟು ನನಗೇ ಇಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಆ ದಿನವೇ. ಎಷ್ಟು ಬಂತೆಂದು ನೋಡುವ ಮೊದಲೇ ಅವರು ಎದ್ದು ನಿಂತು ಮುಖ ತಿರುಗಿಸಿದರು. "ನನಗ ತೋರಿಸಬ್ಯಾಡ್ರಿ" ಎಂದರು.

ಮಂಗಳವಾರ ಹನ್ನೊಂದು. ಅದೇ ಸೈಬರ್ ಕೆಫೆ, ಅದೇ ಗೂಡು. ಗಡಿಯಾರ ಇಳಿಯತೊಡಗಿತು. ಒಂದು ನಿಮಿಷ, ಎರಡು, ಮೂರು. ಪರದೆ ಖಾಲಿ. ಕಾಕಾ ಅಷ್ಟು ಹೇಳಿದ ಮೇಲೂ ಏಳೂ ಜನ ಬೆರಳು ಮಡಚಿ ಕುಳಿತಿದ್ದಾರೆ, ನಾನು ಎಂಟನೆಯವಳು. ನಾಲ್ಕನೆಯ ನಿಮಿಷಕ್ಕೆ ನನಗೆ ನನ್ನ ಮೇಲೇ ರೇಗಿತು. ಅಂಕಿ ಒತ್ತಿದೆ. ಕಳಿಸು ಎಂಬಲ್ಲೂ ಒತ್ತಿದೆ.

ಪರದೆಯ ಮೇಲೆ ನನ್ನ ರೇಟು ಬಂದು ಕುಳಿತುಕೊಂಡಿತು. ಹೆಸರಿಲ್ಲ, ವಯಸ್ಸಿಲ್ಲ, ಹೆಣ್ಣು ಗಂಡೆಂಬುದಿಲ್ಲ, ಬರೀ ಒಂದು ಅಂಕಿ. ಅರ್ಧ ನಿಮಿಷ ಅದೊಂದೇ ಇತ್ತು. ಆಮೇಲೆ ಅದರ ಜಾಗದಲ್ಲಿ ಅದಕ್ಕಿಂತ ಕಡಿಮೆಯದೊಂದು, ಆಮೇಲೆ ಇನ್ನೂ ಕಡಿಮೆಯದು. ಹತ್ತು ನಿಮಿಷದಲ್ಲಿ ಸಂತೆಯ ಗದ್ದಲ ಹತ್ತಿತು. ದೊಡ್ಡ ಶಾಫ್ಟಿನ ಲಾಟಿನಲ್ಲಿ ನನಗೂ ಇನ್ಯಾರಿಗೋ ಜಿದ್ದು. ನಾನು ಬರೆದಿಟ್ಟ ರೇಟಿಗೆ ಬಂದು ನಿಂತೆ. ಹುರುಪಿತ್ತು, ಸಿಟ್ಟೂ ಇತ್ತು, ಆದರೂ ಒಂದು ಪೈಸೆ ಕೆಳಗೆ ಇಳಿಯಲಿಲ್ಲ. ಆ ಕಡೆಯವರು ನನ್ನ ರೇಟಿಗಿಂತ ಕೆಳಗೆ ಬರಲಿಲ್ಲ. ಹರಾಜು ಮುಗಿದಾಗ ಆ ಲಾಟ್ ನನ್ನದಾಗಿತ್ತು. ಜಿದ್ದಿಗೆ ಬಿದ್ದವರು ಬಸಣ್ಣ ಕಾಕಾ ಎಂದು ಆಮೇಲೆ ತಿಳಿಯಿತು. ಅವರಿಗೆ ಎರಡನೆಯ ಲಾಟ್ ಸಿಕ್ಕಿತ್ತು. "ಆಡಿ ಸೋತರ ಸೋಲಲ್ಲ ತಂಗೀ, ಬಾಳ ದಿನಾ ಆಗಿತ್ತು ನನ್ನ ಜೋಡಿ ಯಾರರ ಆಡಿ" ಎಂದು ತಾವೇ ಬಂದು ಹೇಳಿಹೋದರು.

ಆ ಮಧ್ಯಾಹ್ನ ನಾನು ಸ್ಕೂಟರ್ ಹತ್ತಿ ಸೀದಾ ಕಾರ್ಖಾನೆಗೆ ಹೋದೆ. ಖರೀದಿ ವಿಭಾಗದಲ್ಲಿ ಆರತಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಎಪ್ಪತ್ತೊಂದು ಸಲ ರೇಟು ಬಿದ್ದಿದೆಯೆಂದೂ, ಒಂಬತ್ತು ಜನ ಒಂಬತ್ತು ಥರ ಹಾಕಿದ್ದನ್ನು ನೋಡಿ ಪುಣೆಯವರು ಒಳಒಪ್ಪಂದದ ಮಾತನ್ನೇ ಬಿಟ್ಟರೆಂದೂ ಹೇಳಿದಳು. ಯಾವ ಒಳಒಪ್ಪಂದ ಎಂದು ನಾನು ಕೇಳುವಷ್ಟರಲ್ಲಿ ಹುಚ್ಚಪ್ಪ ಸರ್ ಒಳಗಿಂದ ಕರೆದರು. ಮೇಜಿನ ಮೇಲಿನ ಒಂದು ಹಾಳೆ ಎಳೆದುಕೊಂಡು ಅದರ ಹಿಂಬದಿಯಲ್ಲಿ ನನ್ನ ಲಾಟಿನ ನಂಬರು, ಮಾಲು ಕೊಡುವ ದಿನ ಎಲ್ಲ ಬರೆದರು. "ತಗೋರಿ ಅಕ್ಕಾರ. ಆರ್ಡರು ಬರೂತನಾ ಇದ ನಿಮಗ ಆರ್ಡರು" ಎಂದರು. ಅದು ಯಾವ ಹಾಳೆ ಎಂಬುದರ ಕಡೆ ಅವರ ಗಮನ ಇರಲಿಲ್ಲ. ನಾನೂ ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಂಡೆ.

ಶೆಡ್ಡಿಗೆ ಬಂದು ಕೆಲಸಗಾರರಿಗೆ ತೋರಿಸಲೆಂದು ಬಿಚ್ಚಿದಾಗ ಇನ್ನೊಂದು ಬದಿ ಕಣ್ಣಿಗೆ ಬಿತ್ತು. ಟೈಪ್ ಮಾಡಿದ ಪತ್ರ. ಮೇಲೆ ಅಂದಿನದೇ ತಾರೀಖು, ಕೆಳಗೆ ಅವರ ಸಹಿ. ಮೊದಲ ಹರಾಜು ಖಾಲಿ ಹೋದದ್ದಕ್ಕೆ ಪೂರ್ತಿ ಹೊಣೆ ತಮ್ಮದು, ಸರಬರಾಜುದಾರರ ತಪ್ಪಿಲ್ಲ, ಎರಡನೆಯದೂ ಖಾಲಿ ಹೋದರೆ ಇದನ್ನೇ ರಾಜೀನಾಮೆ ಎಂದು ಸ್ವೀಕರಿಸಬೇಕು, ಆದರೆ ಹುಬ್ಬಳ್ಳಿಯ ಒಂಬತ್ತು ಶೆಡ್ಡುಗಳ ಕೆಲಸ ಮಾತ್ರ ಬೇರೆಡೆಗೆ ಒಯ್ಯಬಾರದು, ಎಂದು ಅದರಲ್ಲಿತ್ತು.

ನಾನು ಲೇಥಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅತ್ತೆ. ಕೆಲಸಗಾರರು ಲಾಟ್ ತಪ್ಪಿತೆಂದು ತಿಳಿದರು.

ಮರುದಿನ ಬೆಳಿಗ್ಗೆ ಬೈರಿದೇವರಕೊಪ್ಪದ ಅವರ ಮನೆಗೇ ಹೋಗಿ, ಹಾಳೆಯನ್ನು ಮುಂದೆ ಹಿಡಿದು ಜಗಳಕ್ಕೆ ನಿಂತೆ. "ಇದೇನ್ರಿ ಸರ್? ನಮಗ ಒಂದ ಮಾತ ಹೇಳಬಾರದೇನ್ರಿ? ನಿಮ್ಮ ನೌಕರಿ ಹೋಗೂ ಹಂಗಿದ್ರ ಒಂಬತ್ತೂ ಮಂದಿ ಮೊದಲನೇ ನಿಮಿಷಕ್ಕ ರೇಟು ಹಾಕ್ತಿದ್ವಿ. ಪೂರಾ ಕಡಿಮಿ ಹಾಕ್ತಿದ್ವಿ!"

ಅವರು ಹಾಳೆಯನ್ನು ನೋಡಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಅದಕ್ಕ ಹೇಳಲಿಲ್ರಿ ಅಕ್ಕಾರ. ನನ್ನ ಮುಖಾ ನೋಡಿ ನೀವು ರೇಟು ಇಳಿಸಿದ್ರ, ವರ್ಷಪೂರ್ತಿ ನಿಮ್ಮ ಮನಿ ಒಲಿ ಹೆಂಗ ಉರೀತಿತ್ರಿ?"

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಯಾರಿಗೂ ಸುಲಭಕ್ಕೆ ಬಾಗದವಳು ನಾನು, ಅಲ್ಲೇ ಹೊಸ್ತಿಲಲ್ಲಿ ಬಗ್ಗಿ ಅವರ ಕಾಲು ಮುಟ್ಟಿದೆ.